ಹೋಗುವ ದರ, ಬರುವ ದರ

ಜುಲೈ ೨೭, ಸೋಮವಾರ

ಇವತ್ತು ಮಾತಾಡಿ ಮಾತಾಡಿ ದವಡೆ ಸೋತಿದೆ. ಬೆಳಗಾವಿ ಟಿಳಕವಾಡಿಯ ಈ ಟಿಕೆಟ್ ಅಂಗಡಿಯಲ್ಲಿ ಕೂತು ಹತ್ತೊಂಬತ್ತು ವರ್ಷವಾಯಿತು. ರೈಲು, ಬಸ್ಸು, ವಿಮಾನ ಮೂರೂ ನನಗೆ ಬಾಯಿಪಾಠ. ಆದರೂ ಖಾನಾಪುರದ ಕಡೆಯವರು ಬಂದರೆಂದರೆ ಅರ್ಧ ದಿನ ಅವರಿಗೇ ಹೋಗುತ್ತದೆ.

ಕುರಿ ಸಾಕುವ ಲಕ್ಷ್ಮಪ್ಪ, ಅವನ ಹೆಂಡತಿ ಸಾತವ್ವ, ಹಾಲಿನ ಟೆಂಪೋ ಓಡಿಸುವ ಮಗ ಕಲ್ಮೇಶ. ಮಗಳು ಶೀತಲಳನ್ನು ಫೆಬ್ರುವರಿಯಲ್ಲಿ ದಿಲ್ಲಿಯಲ್ಲಿ ತಾಯಿಯ ಜೊತೆ ಇರುವ ಒಬ್ಬ ಫೌಜಿಗೆ, ಸೈನಿಕನಿಗೆ ಕೊಟ್ಟಿದ್ದಾರೆ. ಮದುವೆಯ ನಂತರದ ಮೊದಲ ನಾಗರಪಂಚಮಿ, ಅಣ್ಣ ಹೋಗಿ ತಂಗಿಯನ್ನು ಕರೆತರಬೇಕು. ಬೀಗರು ಕಳಿಸಿದರೆ ನಾಲ್ಕೇ ದಿನವಂತೆ. ರೈಲಿನಲ್ಲಾದರೆ ಹೋಗಿಬರುವುದರಲ್ಲೇ ಮೂರು ದಿನ. ಅದಕ್ಕೆ ವಿಮಾನ.

ಹನ್ನೆರಡಕ್ಕೆ ಅಮಾವಾಸ್ಯೆ, ಹೊರಡುವ ಹಾಗಿಲ್ಲ ಎಂದರು. ಹದಿಮೂರಕ್ಕೆ ಕಲ್ಮೇಶನಿಗೆ ದಿಲ್ಲಿ ಟಿಕೆಟ್ ತೆಗೆದೆ, ನಾಲ್ಕು ಸಾವಿರದ ಇನ್ನೂರು. "ಅಣ್ಣ ತಂಗಿ ತಿರುಗಿ ಬರೂ ಟಿಕೆಟೂ ಈಗಽ ತಗೀಲೇನು?" ಎಂದು ಕೇಳಿದೆ. ಸಾತವ್ವ ಎರಡೂ ಕೈ ಆಡಿಸಿದಳು.

"ಅಯ್ಯ, ಬ್ಯಾಡ್ರಿ ಯವ್ವಾ! ಬೀಗರು ಇನ್ನೂ ಹೂಂ ಅಂದಿಲ್ಲ. ಅವರು ಕಳಸ್ತೀವಿ ಅನ್ನೂ ಮೊದಲಽ ಟಿಕೆಟ್ ತಗಿಸಿದ್ವಿ ಅಂದ್ರ ಅವರ ಮರ್ಯಾದಿ ಏನು ಉಳೀತು? ಹುಡುಗಿನ್ನ ಕಸಗೊಂಡು ಬಂದಂಗ ಆಕ್ಕೈತಿ."

"ಆಮ್ಯಾಲೆ ತಗೊಂಡ್ರ ಬಾಳ ಹೆಚ್ಚಾಕ್ಕೈತೇನ್ರಿ ಅಕ್ಕಾರ?" ಎಂದ ಲಕ್ಷ್ಮಪ್ಪ.

ಅವರ ಹಿಂದೆ ಐದು ಜನ ನಿಂತು ಗೊಣಗುತ್ತಿದ್ದರು. "ಹೋಗಾಕ ಎಷ್ಟೋ ಬರಾಕೂ ಅಷ್ಟಽ. ನೂರಿನ್ನೂರು ಆಕಡಿ ಈಕಡಿ" ಎಂದು ಸಾಗಹಾಕಿದೆ. ಮತ್ತೇನು ಮಾಡಲಿ? ಬಂದವರಿಗೆಲ್ಲ ಪಾಠ ಹೇಳಲು ಅಂಗಡಿ ಮಾಲೀಕ ಸುಜಯ ನನಗೆ ಸಂಬಳ ಕೊಡುವುದಿಲ್ಲ.

ಆಗಸ್ಟ್ ೩, ಸೋಮವಾರ

ಮೈ ಇನ್ನೂ ಉರಿಯುತ್ತಿದೆ.

ಬೀಗರು ನಿನ್ನೆ ಹೂಂ ಅಂದರಂತೆ. ಬೆಳಿಗ್ಗೆ ಲಕ್ಷ್ಮಪ್ಪ ಮಗನನ್ನು ಕರೆದುಕೊಂಡು ನಗುತ್ತಲೇ ಬಂದ. ಹದಿನೈದಕ್ಕೆ ದಿಲ್ಲಿಯಿಂದ ಬೆಳಗಾವಿಗೆ ಎರಡು ಟಿಕೆಟ್. ತೆಗೆದು ನೋಡಿದರೆ ತಲೆಗೆ ಹದಿನಾಲ್ಕು ಸಾವಿರದ ಆರುನೂರು! ಹದಿನೈದು ಶನಿವಾರ, ಸ್ವಾತಂತ್ರ್ಯ ದಿನ, ಹದಿನಾರು ಭಾನುವಾರ, ಹದಿನೇಳು ಪಂಚಮಿ. ಮೂರು ದಿನ ಸಾಲು ರಜೆ. ದಿಲ್ಲಿಯಲ್ಲಿರುವ ನಮ್ಮ ಕಡೆಯ ಫೌಜಿಗಳು, ನೌಕರದಾರರು ಎಲ್ಲರೂ ಊರಿಗೆ ಹೊರಟಿದ್ದಾರೆ. ಅಗ್ಗದ ಸೀಟು ಮುಗಿದವು, ನಡುವಿನ ದರದವೂ ಮುಗಿದವು, ಉಳಿದವು ಮೇಲಿನ ದರದವು. ಇದು ನನಗೆ ಗೊತ್ತು. ಅವನಿಗೆ ಹೇಗೆ ಗೊತ್ತಾಗಬೇಕು?

"ಅದಽ ಇಮಾನ, ಅದಽ ದಾರಿ. ಹೋಗಾಕ ನಾಕು, ಬರಾಕ ಹದಿನಾಕು? ಬರೂ ಮುಂದ ಇಮಾನ ಏನು ಗುಡ್ಡಾ ಹತ್ತತೈತೇನು?" ಎಂದ.

"ದರ ಹಾಕೂದು ಕಂಪನಿಯವರು, ನಾನಲ್ಲ" ಎಂದೆ.

"ನೀನಽ ಅಂದಿದ್ದಿ, ಬರಾಕೂ ಅಷ್ಟಽ ಅಂತ! ನಡುವ ಹತ್ತು ಸಾವಿರ ಯಾರ ಕಿಸೆದಾಗ ಬೀಳತೈತಿ?"

ಅಂಗಡಿ ತುಂಬ ಜನ. ಅವರೆದುರಿಗೆ, ರಸ್ತೆಗೂ ಕೇಳುವ ಹಾಗೆ, "ಈ ಹೆಣಮಗಳು ರೊಕ್ಕ ತಿಂತಾಳ" ಎಂದು ಕೂಗಿದ. ಒಬ್ಬ ಫೋನ್ ಎತ್ತಿ ವಿಡಿಯೋ ಮಾಡಿದ. ಗಂಡ ಸತ್ತ ಮೂರನೇ ತಿಂಗಳಿಂದ ಈ ಕುರ್ಚಿಯಲ್ಲಿದ್ದೇನೆ. ಯಾರದೂ ಐದು ರೂಪಾಯಿ ಚಿಲ್ಲರೆ ಕೂಡ ಇಟ್ಟುಕೊಂಡವಳಲ್ಲ.

ನಾನು "ಅಷ್ಟಽ ಆಗಬಹುದು" ಅಂದಿರಬಹುದು. ಖಾತ್ರಿಯಂತೂ ಕೊಟ್ಟಿಲ್ಲ.

ಆಗಸ್ಟ್ ೪, ಮಂಗಳವಾರ

ವಿಡಿಯೋ ಶಹಾಪುರದ ತನಕ ಓಡಾಡಿದೆ. ಸುಜಯ ಮಧ್ಯಾಹ್ನ ಒಂದು ಕಾಗದ ತಂದು ಮುಂದಿಟ್ಟ. ಅವನೇ ಟೈಪ್ ಮಾಡಿಸಿದ್ದು: "ಗಿರಾಕಿಗೆ ತಪ್ಪು ದರ ಹೇಳಿ ಮೋಸ ಮಾಡಿದ್ದಕ್ಕೆ ಕ್ಷಮೆ ಯಾಚಿಸುತ್ತೇನೆ."

"ಸಹಿ ಮಾಡ್ರಿ ಕಾಂತಾ ಮೌಶಿ, ಪ್ರಕರಣ ಮುಗೀತೈತಿ. ಫೋಟೋ ತಗದು ಗ್ರೂಪಿಗೆ ಹಾಕ್ತೀನಿ."

ಇವನು ಚಡ್ಡಿ ಹಾಕಿಕೊಂಡು, ನನ್ನನ್ನು ಚಿಕ್ಕಮ್ಮನೆಂದೇ ತಿಳಿದು, ಇದೇ ಮೇಜಿನ ಕೆಳಗೆ ಆಡಿದವನು. "ಮೋಸ ಅನ್ನೂ ಅಕ್ಷರದ ಕೆಳಗ ನನ್ನ ಹೆಸರು ಬರೂದಿಲ್ಲ" ಎಂದೆ. ಶನಿವಾರದವರೆಗೆ ಯೋಚನೆ ಮಾಡಿ, ಅಲ್ಲಿಯ ತನಕ ಮನೆಯಲ್ಲಿರಿ ಎಂದ. ನೀರಿನ ಬಾಟಲಿ, ಕನ್ನಡಕದ ಡಬ್ಬಿ ಚೀಲಕ್ಕೆ ಹಾಕಿಕೊಂಡು ಎದ್ದು ಬಂದೆ. ಶನಿವಾರವಲ್ಲ, ಮುಂದಿನ ದೀಪಾವಳಿ ಬಂದರೂ ನನ್ನ ಉತ್ತರ ಇದೇ.

ಆಗಸ್ಟ್ ೬, ಗುರುವಾರ

ಮಹಾಂತೇಶ ನಗರದ ಈ ಮನೆಯಲ್ಲಿ ಹಗಲು ಹೊತ್ತು ಇಷ್ಟು ಉದ್ದ ಇರುತ್ತದೆಂದು ಗೊತ್ತಿರಲಿಲ್ಲ. ಕಪಾಟಿನ ಮೇಲಿನ ಧೂಳು ಒರೆಸಿದೆ, ಅಕ್ಕಿ ಆರಿಸಿದೆ, ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಮಗಳು ಸಮೃದ್ಧಿ ಕಾಲೇಜಿನಿಂದ ಬಂದು ಒಂದು ತುತ್ತು ಬಾಯಿಗಿಟ್ಟು ತಾಟು ಸರಿಸಿದಳು.

"ಅವ್ವಾ, ಆ ಮನಷ್ಯಾಗ ಯಾಕ ಹೆಚ್ಚು ಅಂತ ನೀ ಬಿಡಿಸಿ ಹೇಳಿದೇನು?"

"ಹೇಳಿದ್ರ ತಿಳೀತಿತ್ತೇನು ಅವಗ?"

"ಹೇಳಿದೇನು ಅಂತ ಕೇಳಿದೆ ನಾ."

ಹುಡುಗಿಗೆ ನಾಲಗೆ ಬಹಳ ಉದ್ದವಾಗಿದೆ.

ಸಂಜೆ ಅವಳ ಫೋನಿನಲ್ಲಿ ಸುಮ್ಮನೆ ದಿಲ್ಲಿ ದರ ನೋಡಿದೆ. ಹದಿನೈದು ಸಾವಿರದ ಇನ್ನೂರಾಗಿದೆ. ಆ ಹುಡುಗಿ ಶೀತಲ ಏನು ಮಾಡುತ್ತಿದ್ದಾಳೋ. ನನಗೇನು ಬಿಡು.

ಆಗಸ್ಟ್ ೮, ಶನಿವಾರ

ಖಾನಾಪುರಕ್ಕೆ ಹೋಗಿ ಬಂದೆ. ಸುಜಯನ ಕಾಗದಕ್ಕೆ ಸಹಿ ಹಾಕುವ ದಿನ ನಾನು ಬಸ್ಸಿನಲ್ಲಿದ್ದೆ. ಜಗಳ ಮಾಡುವುದಾದರೆ ಲಕ್ಷ್ಮಪ್ಪನ ಅಂಗಳದಲ್ಲೇ ಮಾಡುತ್ತೇನೆ, ಅವನ ಓಣಿಯವರೂ ಕೇಳಲಿ ಎಂದು ಹಟ ಹಿಡಿದು ಹೋದದ್ದು. ದರದ ಪಟ್ಟಿಯನ್ನೆಲ್ಲ ಕಾಗದದ ಮೇಲೆ ತೆಗೆಸಿಕೊಂಡಿದ್ದೆ.

ಊರು ಖಾನಾಪುರ ಸ್ಟ್ಯಾಂಡಿನಿಂದ ನಾಲ್ಕು ಕಿಲೋಮೀಟರ್. ಮನೆ ಮುಂದಿನ ಕಟ್ಟೆಯ ಮೇಲೆ ಲಕ್ಷ್ಮಪ್ಪ, ಅವನ ಸುತ್ತ ನಾಲ್ಕೈದು ಜನ. ಮಾತು ಮರಾಠಿಯಲ್ಲಿ ನಡೆದಿತ್ತು. ನನ್ನನ್ನು ನೋಡಿದ್ದೇ ನಿಂತಿತು.

"ನಾ ಟಿಕೆಟ್ ಅಂಗಡಿ ಕಾಂತಾ. ರೊಕ್ಕ ತಿಂತಾಳ ಅಂದ್ರೆಲ್ಲ, ಆಕಿ" ಎಂದೆ.

ಲಕ್ಷ್ಮಪ್ಪ ಎದ್ದ. ಏನೋ ಅನ್ನುವುದರಲ್ಲಿದ್ದ. ಒಳಗಿನಿಂದ ಸಾತವ್ವ ಬಂದು, "ಮೊದಲ ಕುಂದರ್ರಿ, ಚಾ ಕುಡೀರಿ, ಆಮ್ಯಾಲೆ ಬೈದಾಡೂಣು" ಎಂದಳು. ಹೀಗೆ ಅಂದವಳ ಮನೆಯಲ್ಲಿ ನಿಂತೇ ಜಗಳ ಆಡಲು ಬರುವುದಿಲ್ಲ. ಕೂತೆ.

ಪಟ್ಟಿ ಹರವಿ ಹೇಳಿದೆ. ಹಬ್ಬದ ಮುಂದೆ ಎಲ್ಲರೂ ಈ ಕಡೆ ಬರುವವರು, ಆ ಕಡೆ ಹೋಗುವವರು ಇಲ್ಲ. ಬರುವಾಗ ತುಂಬಿ ಬಂದ ವಿಮಾನ ಹೋಗುವಾಗ ಅರ್ಧ ಖಾಲಿ ಹೋಗುತ್ತದೆ. ಖಾಲಿ ಸೀಟು ಹೊತ್ತೊಯ್ಯುವುದಕ್ಕಿಂತ ಅಗ್ಗಕ್ಕೆ ಕೊಡುವುದೇ ಲೇಸೆಂದು ಕೊಡುತ್ತಾರೆ. ಹಬ್ಬ ಮುಗಿದ ಮೇಲೆ ಉಲ್ಟಾ, ಹೋಗುವುದು ದುಬಾರಿ, ಬರುವುದು ಅಗ್ಗ. ಅದರ ಮೇಲೆ ಪ್ರತಿ ನಿಲ್ದಾಣದಲ್ಲೂ ಹತ್ತುವವರಿಂದ ವಸೂಲು ಮಾಡುವ ಶುಲ್ಕ ಬೇರೆ ಬೇರೆ. ಇಷ್ಟೆಲ್ಲ ಹೇಳಿದರೂ ಲಕ್ಷ್ಮಪ್ಪನ ಮುಖ ಸಡಿಲಾಗಲಿಲ್ಲ.

"ದಾರಿ ಒಂದಽ ಅಂದ ಮ್ಯಾಲೆ ದರಾನೂ ಒಂದಽ ಇರಬೇಕು. ಉಳಿದದ್ದೆಲ್ಲ ಮಾತಿನ ಜಾದೂ" ಎಂದ.

ಸಾತವ್ವ ಚಹಾದ ಕಪ್ಪು ನನ್ನ ಕೈಗೆ ಕೊಟ್ಟು ಗಂಡನ ಕಡೆ ತಿರುಗಿದಳು.

"ಬಕ್ರೀದ ಹಿಂದಿನ ದಿನ ಆ ಕರೀ ಟಗರಿಗೆ ಎಷ್ಟು ಹೇಳಿದಿ?"

"ಅದ್ಯಾಕ ಈಗ?"

"ಎಷ್ಟು ಹೇಳಿದಿ?"

"ಇಪ್ಪತ್ತೆಂಟು ಸಾವಿರ."

"ಮಾರಾಟ ಆಗದಽ ಉಳೀತು. ಹಬ್ಬಾದ ಎರಡು ದಿನಕ್ಕ ಎಷ್ಟಕ್ಕ ಕೊಟ್ಟಿ?"

ಲಕ್ಷ್ಮಪ್ಪ ಮೀಸೆ ಉಜ್ಜಿಕೊಂಡ. "ಹದಿನೈದಕ್ಕ."

"ಎರಡು ದಿನದಾಗ ಅದರ ಕಾಲು ಕಡಿಮಿ ಆದ್ವೇನು? ಟಗರು ಅದಽ, ಸಂತಿ ಅದಽ."

"ಅದು ಯಾಪಾರ ಐತಿ!"

"ಹಂಗಾದ್ರ ಇದು ಏನೈತಿ? ಈ ಅಕ್ಕಾರ ಮಂಗಳಾರತಿ ತಾಟು ಹಿಡಕೊಂಡು ಕುಂತಾರೇನು?"

ಕಟ್ಟೆಯ ಮೇಲಿನವರೆಲ್ಲ ಹೋ ಎಂದು ನಕ್ಕರು. ನಾನೂ ನಕ್ಕೆ. ಗೆದ್ದೆ ಎಂದುಕೊಂಡು ಪಟ್ಟಿ ಮಡಚುತ್ತಿದ್ದೆ. ಅಷ್ಟರಲ್ಲಿ ಸಾತವ್ವ ನನ್ನ ಪಕ್ಕ ಕೂತು ಮೆಲ್ಲಗೆ ಅಂದಳು:

"ಅಕ್ಕಾರ, ಫೋನಿನ್ಯಾಗ ಶೀತಲ ಚಂದ ಅದೇನಿ ಅಂತಾಳ. ಚಂದ ಇದ್ದಾಕಿ ಎರಡು ಮಾತಿಗೆ ಫೋನ್ ಇಡ್ತಾಳೇನ್ರಿ? ಆರು ತಿಂಗಳಾತು ಅದರ ಮಾರಿ ನೋಡಿ. ಪಂಚಮಿಗೆ ಬರತೈತಿ ಅಂತ ಉಸಿರು ಹಿಡಕೊಂಡು ಕುಂತಿದ್ದೆ. ಎರಡು ಟಿಕೆಟಿಗೆ ಮೂವತ್ತು ಸಾವಿರ ಅಂದ್ರ ಎಲ್ಲಿಂದ ತರೂಣು? ಬರಬ್ಯಾಡವ್ವ ಅಂತ ನಿನ್ನೆ ನಾನಽ ಹೇಳಿದೆ. ಹೂಂ ಅಂದಳು, ಅಷ್ಟಽ."

ನನಗೆ ಏನಾಯಿತೋ. ಹೇಳಬೇಕೆಂದು ಹೋದದ್ದು ಬೇರೆ, ಬಾಯಿಯಿಂದ ಬಂದದ್ದು ಬೇರೆ. "ಬರಾಕೂ ಅಷ್ಟಽ ಅಂತ ನಾನಽ ಅಂದಿದ್ದೆ ಸಾತವ್ವ. ಹಿಂದ ಮಂದಿ ನಿಂತಿದ್ರು, ನಿಮ್ಮನ್ನ ಸಾಗಹಾಕಬೇಕಾಗಿತ್ತು, ಅಂದುಬಿಟ್ಟೆ. ರೊಕ್ಕ ತಿಂದಿಲ್ಲ. ಆದ್ರ ಆ ಮಾತು ನಂದಽ. ನಾ ಖರೇ ಹೇಳಿದ್ರ ನೀವು ಅವತ್ತಽ ಬೀಗರಿಗೆ ಫೋನ್ ಹಚ್ಚಿ ಕೇಳತಿದ್ರಿ" ಎಂದೆ. ಲಕ್ಷ್ಮಪ್ಪನೂ ಕೇಳಿಸಿಕೊಂಡ, ಅವನ ಓಣಿಯೂ ಕೇಳಿಸಿಕೊಂಡಿತು. ಕೇಳಲಿ.

ಆಮೇಲೆ ಸಾತವ್ವ ಕೇಳಿದಳು, "ಅಂದ್ರ ಇಲ್ಲಿಂದ ದಿಲ್ಲಿಗೆ ಹೋಗೂ ಇಮಾನ ಖಾಲಿ ಅದಾವೇನು?"

"ಅದಾವ. ನಾಕು ಸಾವಿರದ ಮುನ್ನೂರು ಇವತ್ತು."

"ಹಬ್ಬ ಆದ ಮ್ಯಾಲೆ ಅಲ್ಲಿಂದ ಬರೂವೂ ಖಾಲಿ?"

"ಅವೂ ಖಾಲಿ."

"ಹಂಗಾದ್ರ ನಾನಽ ಹೋಗ್ತೀನಿ."

ಲಕ್ಷ್ಮಪ್ಪ ಬಿದ್ದೇಬಿಡುವವನ ಹಾಗೆ ಕಟ್ಟೆ ಹಿಡಿದುಕೊಂಡ. "ತಲಿ ಸುದ್ದ ಐತೇನು? ಪಂಚಮಿಗೆ ಮಗಳು ತವರಿಗೆ ಬರೂದು. ತಾಯಿ ಗಂಟು ಹೊತ್ತು ಬೀಗರ ಬಾಗಲಾಗ ನಿಂದರೂದು ಎಲ್ಲೆ ಐತಿ?"

"ಎಲ್ಲೂ ಇಲ್ಲ. ಇನ್ನ ಮುಂದ ಇರತೈತಿ."

"ಅವರು ಕರದಿಲ್ಲ!"

"ಹಡದಾಕಿಗೆ ಕರಿಯೂದು ಏನು ಬ್ಯಾರೆ?"

ಲಕ್ಷ್ಮಪ್ಪನ ಮುಖ ನೋಡಬೇಕಿತ್ತು! ನಾನು ಅಲ್ಲೇ ಫೋನ್ ತೆಗೆದೆ. ಹೋಗುವುದು ಹದಿಮೂರಕ್ಕೆ ಮಗನ ಜೊತೆ, ಇಬ್ಬರೂ ಬರುವುದು ಇಪ್ಪತ್ತೊಂದಕ್ಕೆ, ಮೂರೂ ಟಿಕೆಟ್ ಈಗಲೇ. ಬೀಗರ ಹೂಂ ಗೀಂ ಏನೂ ಇಲ್ಲ. ಲಕ್ಷ್ಮಪ್ಪ ಎದ್ದು ಕುರಿಗಳ ಕಡೆ ಹೋದ. ಸಾತವ್ವ ಒಳಗೆ ಹೋಗಿ ಸೀರೆಗಳ ನಡುವಿನಿಂದ ಹಣ ತಂದಳು.

ಬಸ್ಸಿನಲ್ಲಿ ಬರುವಾಗ ಸುಜಯ ಮೂರು ಸಲ ಫೋನ್ ಮಾಡಿದ. ಎತ್ತಲಿಲ್ಲ.

ಆಗಸ್ಟ್ ೧೦, ಸೋಮವಾರ

ನಾನು ಸಹಿ ಮಾಡುವುದಿಲ್ಲವೆಂದು ಸುಜಯನಿಗೆ ಎರಡೇ ಸಾಲು ಬರೆದು ಕಳಿಸಿದೆ. ಹಾಗಾದರೆ ಬೇರೆಯವರನ್ನು ನೋಡುತ್ತೇನೆ ಎಂದು ಅವನೂ ಎರಡೇ ಸಾಲು ಬರೆದ. ನೋಡಲಿ. ಸಮೃದ್ಧಿಯ ಫೀ ಹೇಗೆ ಕಟ್ಟುವುದೆಂದು ಭಯವಾಯಿತು. ಆಗಲಿಲ್ಲವೆಂದು ಸುಳ್ಳು ಏಕೆ ಬರೆಯಲಿ? ಭಯವಾದರೂ ಸಹಿ ಮಾಡುವುದಿಲ್ಲ.

ಎದುರು ಮನೆಯ ಗುರುಪುತ್ರಪ್ಪನವರು ಮುಂಬಯಿಗೆ ಹೋಗಬೇಕೆಂದಿದ್ದರು. ಕರೆದು ಕೂರಿಸಿ, ಯಾವ ದಿನ ಹೋದರೆ ಎಷ್ಟು, ಯಾವ ದಿನ ಬಂದರೆ ಎಷ್ಟು, ಏಕೆ, ಎಲ್ಲ ಬಿಡಿಸಿ ಹೇಳಿದೆ. ಮುಕ್ಕಾಲು ತಾಸು ಹಿಡಿಯಿತು. ಪುಣ್ಯಾತ್ಮರು ಕೊನೆಗೆ ರೈಲಿನಲ್ಲೇ ಹೋಗುತ್ತೇನೆ ಎಂದರು. ಹೋಗಲಿ, ತಿಳಿದು ಹೋಗುತ್ತಾರಲ್ಲ.

ಆಗಸ್ಟ್ ೧೩, ಗುರುವಾರ

ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ನನಗೇನೂ ಕೆಲಸವಿರಲಿಲ್ಲ. ಹೋದೆ.

ಸಾತವ್ವ ಹಸಿರು ಇಳಕಲ್ ಸೀರೆ ಉಟ್ಟು, ಶೇಂಗಾ ಉಂಡಿ, ಅಳ್ಳಿಟ್ಟು ತುಂಬಿದ ಡಬ್ಬಿ ತಬ್ಬಿಕೊಂಡು ನಿಂತಿದ್ದಳು. ಚೀಲದಲ್ಲಿ ಹತ್ತು ಕೊಬ್ಬರಿ ಬಟ್ಟಲು. ಬೆಂಕಿ ಹತ್ತುವ ವಸ್ತುವೆಂದು ಒಣಕೊಬ್ಬರಿಯನ್ನು ವಿಮಾನದಲ್ಲಿ ಬಿಡುವುದಿಲ್ಲವೆಂದು ಹೇಳಲು ನಾನೇ ಮರೆತಿದ್ದೆ. "ಕೊಬ್ಬರಿಯಿಂದ ಇಮಾನಕ್ಕ ಏನಾಕ್ಕೈತಿ? ದೇವರಿಗೆ ನಡೀತೈತಿ, ಇವರಿಗೆ ನಡಿಯೂದಿಲ್ಲಂತ!" ಎಂದು ಬೈದು ಅಷ್ಟನ್ನೂ ನನ್ನ ಉಡಿಗೆ ಸುರಿದಳು.

ಲಕ್ಷ್ಮಪ್ಪ ಬಂದಿರಲಿಲ್ಲ. ಬಾಗಿಲವರೆಗೆ ಹೋದವಳು ತಿರುಗಿ ಬಂದು ನನ್ನ ಕೈ ಹಿಡಿದಳು. ಕೈ ತಣ್ಣಗಿತ್ತು. "ಬೀಗತಿ ಬಾಳವ್ವ ಬಾಳ ಖಡಕ್ ಹೆಣಮಗಳು. ಒಳಗ ಬಾ ಅನ್ನಲಿಲ್ಲ ಅಂದ್ರ ಏನು ಮಾಡ್ಲಿರೀ?"

"ಬಾಗಲಾಗಽ ಕುಂದರ್ರಿ. ಮಗಳು ಹೊರಗ ಬರತಾಳ. ಹೊರಗಽ ಪಂಚಮಿ ಮಾಡ್ರಿ" ಎಂದೆ.

ಧೈರ್ಯ ಹೇಳಿ ಕಳಿಸಿದೆನೇ ಹೊರತು ಮನೆಗೆ ಬಂದ ಮೇಲೆ ನಾನೇ ಗಳಿಗೆಗೊಮ್ಮೆ ಫೋನ್ ನೋಡುತ್ತಿದ್ದೇನೆ. ಎಲ್ಲಿಯಾದರೂ ಅವಮಾನವಾದರೆ? ನನ್ನ ಮೇಲೆ ಬೇಕಾದ್ದು ಅನ್ನಲಿ, ಆ ತಾಯಿ ಮಗಳಿಗೆ ಏನೂ ಆಗದಿರಲಿ ಶಿವನೇ.

ಆಗಸ್ಟ್ ೧೪, ಶುಕ್ರವಾರ

ದಿಲ್ಲಿಯಿಂದ ಫೋನಿಲ್ಲ. ನಾನೇ ಮಾಡಿದರೆ ಕಲ್ಮೇಶನ ಫೋನ್ ಬಂದ್ ಇದೆ.

ಸಂಜೆ ಸುಜಯನೇ ಮನೆಗೆ ಬಂದ. ಇವತ್ತು ಲಕ್ಷ್ಮಪ್ಪ ಅಂಗಡಿಗೆ ಬಂದಿದ್ದನಂತೆ. ಕುರ್ಚಿಯಲ್ಲಿ ನಾನಿಲ್ಲದ್ದು ಕಂಡು ಎಲ್ಲಿ ಎಂದು ಕೇಳಿದ. ಸುಜಯ ಕ್ಷಮಾಪಣೆಯ ಕಾಗದ ತೋರಿಸಿ, ಸಹಿ ಮಾಡಲಿಲ್ಲ, ಅದಕ್ಕೆ ಕೆಲಸದಿಂದ ತೆಗೆದೆ ಎಂದ. ಲಕ್ಷ್ಮಪ್ಪ ಕಾಗದವನ್ನು ಪಕ್ಕದವರಿಂದ ಎರಡು ಸಲ ಓದಿಸಿಕೊಂಡ.

"ಏನಂದ್ರು?" ಎಂದೆ.

"ರೊಕ್ಕ ತಿಂದಾಳ ಅಂತ ಸುಳ್ಳು ಹೇಳಿದಾವ ನಾನು, ಮಾಫಿ ಆಕಿ ಯಾಕ ಬರೀಬೇಕು ಅಂತ ಒದರಿದ್ರು ಮೌಶಿ. ಅಂಗಡಿ ತುಂಬ ಮಂದಿ ಇದ್ರು." ಸುಜಯನ ಮುಖ ಇಷ್ಟೇ ಇಷ್ಟಾಗಿತ್ತು. "ಬುಧವಾರದಿಂದ ಬರ್ರಿ."

ಬರುತ್ತೇನೆ, ಆದರೆ ಇನ್ನು ಮೇಲೆ ಯಾರೇ ಕೇಳಿದರೂ ಅವರಿಗೆ ತಿಳಿಯುವ ತನಕ ಹೇಳುತ್ತೇನೆ, ಹಿಂದೆ ಹತ್ತು ಜನ ನಿಂತರೂ ನೀನು ಗಡಿಯಾರ ನೋಡಬಾರದು ಎಂದೆ. ಆಯಿತೆಂದ. ಒಪ್ಪದೆ ಎಲ್ಲಿ ಹೋಗುತ್ತಾನೆ?

ಖುಷಿಯಾಗಬೇಕಿತ್ತು. ದಿಲ್ಲಿಯಿಂದ ಮಾತ್ರ ಇನ್ನೂ ಫೋನಿಲ್ಲ.

ಆಗಸ್ಟ್ ೧೭, ಸೋಮವಾರ. ನಾಗರಪಂಚಮಿ

ಎರಡು ದಿನ ಏನೂ ಬರೆಯಲಿಲ್ಲ. ಬರೆಯಲು ಮನಸ್ಸಿರಲಿಲ್ಲ.

ಇವತ್ತು ಹುತ್ತಕ್ಕೆ ಹಾಲೆರೆದು ಬಂದು ಒಲೆ ಮುಂದೆ ಕೂತಿದ್ದೆ. ಹನ್ನೊಂದಕ್ಕೆ ಫೋನ್ ಬಂತು. ಗೊತ್ತಿಲ್ಲದ ನಂಬರು, ಗೊತ್ತಿಲ್ಲದ ಹುಡುಗಿಯ ದನಿ.

"ಕಾಂತಾ ಅಕ್ಕಾರೇನ್ರಿ? ನಾ ಶೀತಲರೀ." ಅಷ್ಟು ಹೇಳಿ ಅತ್ತುಬಿಟ್ಟಳು. ನಾನು ಒಲೆ ಮುಂದಿನಿಂದ ಎದ್ದು ನಿಂತೆ. ಆಮೇಲೆ ಗೊತ್ತಾಯಿತು, ಅದು ನಗುವೂ ಹೌದು. "ಅವ್ವ ಬರತಾಳ ಅಂತ ನನಗ ಯಾರೂ ಹೇಳಿರಲಿಲ್ಲರೀ. ಹಾಲಿನಾವ ಬಂದ ಅಂತ ಪಾತೇಲಿ ಹಿಡಕೊಂಡು ಬಾಗಲಾ ತಗದೆ. ಅವ್ವ ನಿಂತಿದ್ಲು."

ಸಾತವ್ವ ಫೋನ್ ಕಸಿದುಕೊಂಡಳು. ಚಾರ್ಜರ್ ಮರೆತು ಹೋಗಿದ್ದಾರೆ, ಕಲ್ಮೇಶನಿಗೆ ನನ್ನ ನಂಬರು ಬಾಯಿಗೆ ಬರುವುದಿಲ್ಲ, ಲಕ್ಷ್ಮಪ್ಪನಿಂದ ಇವತ್ತು ತರಿಸಿಕೊಂಡರಂತೆ. ಈ ಮಂದಿಗೆ ಏನನ್ನಬೇಕು!

"ಬೀಗತಿ ಏನಂದ್ರು ಅದು ಹೇಳ್ರಿ ಮೊದಲ" ಎಂದೆ.

"ಯಾರು ಕರದಿದ್ರು ಅಂತ ಕೇಳಿದ್ರು. ಯಾರೂ ಕರದಿಲ್ಲ, ನಾನಽ ಬಂದೇನಿ ಅಂದೆ. ಬಾಳ ಹೊತ್ತು ನನ್ನ ಮಾರಿ ನೋಡಿದ್ರು. ಒಳಗ ಹೋಗಿ ಕಾಲಿಗೆ ನೀರು ತಂದು ಕೊಟ್ರು. ಆದ್ರ ಮೂರು ದಿನ ಮಾತಽ ಇಲ್ಲ ಅಕ್ಕಾರ. ಇವತ್ತು ಮುಂಜಾನೆ ಕಲ್ಮೇಶ ಬೇವಿನ ಗಿಡಕ್ಕ ಜೋಕಾಲಿ ಕಟ್ಟಿದ. ಶೀತಲ ಆಡಿದ್ಲು. ಬೀಗತ್ಯಾರ ನೀವೂ ಬರ್ರಿ ಅಂತ ನಾ ಕೈ ಹಿಡದು ಜಗ್ಗಿದೆ. ಕುಂತ್ರು ನೋಡ್ರಿ! ಎರಡು ಸಲ ತೂಗಿದೆ, ಕಣ್ಣಾಗ ನೀರು. ತಡೀರಿ, ಅವರಽ ಮಾತಾಡ್ತಾರಂತ."

ಗಟ್ಟಿ ದನಿ. ಫೌಜಿಗೆ ತಾಯಿಯಾಗಲು ತಕ್ಕ ದನಿ. "ನೀವೇನ್ರಿ ಟಿಕೆಟಿನವರು?"

"ಹೌದ್ರಿ" ಎಂದೆ. ಬೈಗುಳಕ್ಕೆ ಸಿದ್ಧವಾಗೇ ನಿಂತಿದ್ದೆ.

"ನನ್ನ ತವರು ರಾಯಬಾಗ ಕಡಿ. ಅಣ್ಣ ತೀರಿಕೊಂಡು ಇಪ್ಪತ್ತಾರು ವರ್ಷಾತು. ಅವತ್ತಿಂದ ಪಂಚಮಿಗೆ ಕರಿಯಾಕ ಯಾರೂ ಬಂದಿಲ್ಲ. ಕರೀಲಿಲ್ಲ ಅಂತ ನಾನೂ ಹೋಗಿಲ್ಲ. ಅಣ್ಣನ ಹೇಣ್ತಿ, ನನ್ನ ವೈನಿ, ಇನ್ನೂ ಅದಾಳ." ದನಿ ತಗ್ಗಿಸಿದರು. "ಕರೀದಽ ಹೋದ್ರ ನಡೀತೈತೇನ್ರಿ?"

ಟಿಕೆಟಿನವಳನ್ನು ಕೇಳುವ ಮಾತೇ ಇದು? ಆದರೂ ನನ್ನನ್ನೇ ಕೇಳಿದ್ದರು.

"ನಡೀತೈತ್ರಿ" ಎಂದೆ. "ಯಾಕ ನಡಿಯೂದಿಲ್ಲ? ಇಪ್ಪತ್ತೊಂದಕ್ಕ ಬರೂ ಇಮಾನ ಖಾಲಿ ಐತಿ. ಹಬ್ಬ ಮುಗದಿರತೈತಿ, ಮಂದಿ ಎಲ್ಲ ದಿಲ್ಲಿಗೆ ತಿರುಗಿ ಹೋಗಾವರು. ಈ ಕಡಿ ಬರಾಕ ನಾಕೂವರಿ ಸಾವಿರ."

"ಹಂಗಾದ್ರ ಎರಡು ತಗೀರಿ. ನಂದೊಂದು, ಸೊಸಿದೊಂದು."

"ಮಗಾ ಒಬ್ಬರಽ ಆಕ್ಕಾರಲ್ರಿ?"

"ನನ್ನ ಗುರುಸಿದ್ದ ಮೆಸ್ಸಿನ್ಯಾಗ ಉಣ್ಣಲಿ!"

ಹಿಂದಿನಿಂದ ಶೀತಲ ಕಿರುಚಿದ್ದು ಇಲ್ಲಿಯ ತನಕ ಕೇಳಿಸಿತು. ಸಮೃದ್ಧಿ ಅಡುಗೆಮನೆಗೆ ಓಡಿ ಬಂದಳು. ಅವಳ ಫೋನ್ ಕಸಿದುಕೊಂಡು, ಹಿಟ್ಟಿನ ಕೈಯಲ್ಲೇ ಅಲ್ಲೇ ನಿಂತು ಟಿಕೆಟ್ ತೆಗೆದೆ. ಮೂವರು ಹೆಂಗಸರನ್ನೂ ಒಂದೇ ಸಾಲಿಗೆ ಹಾಕಿದೆ, ಹುಡುಗಿಯನ್ನು ಇಬ್ಬರು ತಾಯಂದಿರ ನಡುವೆ. ಕಲ್ಮೇಶ ಹಿಂದೆ ಎಲ್ಲಾದರೂ ಕೂತು ಬರಲಿ.